ಟ್ರ್ಯಾಕ್‌ಗಿಳಿಯುವ ಮುನ್ನ ಶಾಖದ ಲೆಕ್ಕ

ಬೈಕು, ಸವಾರ ಎರಡೂ ಸೇರಿ 250 ಕಿಲೋ ಅಂದುಕೊಳ್ಳೋಣ. ನೇರ ದಾರಿಯ ತುದಿಯಲ್ಲಿ ಗಂಟೆಗೆ 140 ಕಿ.ಮೀ. ವೇಗದಲ್ಲಿದ್ದ ಈ ಜೋಡಿ ತಿರುವಿಗೆ ಹೊರಳುವ ಮೊದಲು 60ಕ್ಕೆ ಇಳಿಯಬೇಕು. ಶಾಲೆಯಲ್ಲಿ ಕಲಿತ ಸೂತ್ರದಲ್ಲೇ ಲೆಕ್ಕ ಹಾಕಿದರೆ, ಅಷ್ಟರಲ್ಲಿ ಕಳೆಯಬೇಕಾದ ಚಲನಶಕ್ತಿ ಸುಮಾರು 150 ಕಿಲೋಜೂಲ್. ಅರ್ಧ ಲೀಟರ್ ನೀರನ್ನು ಚಹಾಕ್ಕೆಂದು ಒಲೆಯ ಮೇಲಿಟ್ಟು ಕುದಿಸಲು ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ ಶಾಖ. ಒಲೆಗೆ ಹಲವು ನಿಮಿಷ ಹಿಡಿಯುತ್ತದೆ. ಬೈಕಿಗೆ ಸಿಗುವುದು ಮೂರು-ನಾಲ್ಕು ಸೆಕೆಂಡು. ಒಂದಷ್ಟು ಪಾಲು ಗಾಳಿಗೆ, ಎಂಜಿನ್ನಿಗೆ, ಹಿಂದಿನ ಬ್ರೇಕಿಗೆ ಹೋಗುತ್ತದೆ. ಉಳಿದದ್ದೆಲ್ಲ ಮುಂದಿನ ಡಿಸ್ಕಿಗೆ. ಒಂದೂವರೆ ಕಿಲೋದ ಉಕ್ಕಿನ ಡಿಸ್ಕು ಅಷ್ಟನ್ನೂ ಒಂಟಿಯಾಗಿ ನುಂಗಿದರೆ ಅದರ ತಾಪ ಒಂದೇ ಏಟಿಗೆ 200 ಡಿಗ್ರಿಯಷ್ಟು ಏರುತ್ತದೆ.

ಊರಿನ ರಸ್ತೆಯಲ್ಲಿ ಇಂಥ ಬ್ರೇಕು ಹಾಕುವ ಪ್ರಸಂಗ ಅಪರೂಪ. ಹಾಕಿದರೂ ಎದೆ ಹೊಡೆದುಕೊಂಡು, ಬೈಕು ಬದಿಗೆ ನಿಲ್ಲಿಸಿ, ನೀರು ಕುಡಿದು ಹೊರಡುತ್ತೇವೆ. ಟ್ರ್ಯಾಕ್‌ನಲ್ಲಿ ಹಾಗಲ್ಲ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈನ ಟ್ರ್ಯಾಕು ಸುಮಾರು 3.7 ಕಿ.ಮೀ. ಉದ್ದ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ 2.1 ಕಿ.ಮೀ. ಒಂದೊಂದು ಸುತ್ತಿನಲ್ಲೂ ಜೋರು ಬ್ರೇಕು ಬೇಡುವ ತಿರುವುಗಳು ಹಲವು. ಒಂದು ಸೆಷನ್ ಎಂದರೆ ಹದಿನೈದು-ಇಪ್ಪತ್ತು ನಿಮಿಷ ಇದೇ ಪಾಡು. ಬೆಂಗಳೂರಿನ ಸವಾರರು ಟ್ರ್ಯಾಕ್ ಡೇ ಎಂದು ಹೆದ್ದಾರಿ ಹಿಡಿದು ಹೋಗುವುದು ಹೆಚ್ಚಾಗಿ ಈ ಎರಡು ಕಡೆಗೇ. ಅಲ್ಲಿ ನಡೆಯುವುದು ರೇಸಲ್ಲ, ಗೆಲ್ಲುವ ಸೋಲುವ ಮಾತಿಲ್ಲ. ಎದುರಿನಿಂದ ಲಾರಿ ಬರುವುದಿಲ್ಲ, ನಾಯಿ ಅಡ್ಡ ಓಡುವುದಿಲ್ಲ. ಆದರೆ ರಸ್ತೆಯಲ್ಲಿ ಎಂದೂ ಹುಟ್ಟದಷ್ಟು ಶಾಖ ಹುಟ್ಟುತ್ತದೆ, ಆರಲು ಬಿಡುವೂ ಇರುವುದಿಲ್ಲ. ಮೊದಲ ಸಲ ಹೋಗುವವರು ಹೊಸ ಸೈಲೆನ್ಸರಿಗೆ ಸಾವಿರಾರು ರೂಪಾಯಿ ಸುರಿಯುವುದನ್ನು ಕಂಡಾಗ ನನಗೆ ಅನ್ನಿಸುವುದು ಇಷ್ಟೇ: ಅದರಲ್ಲಿ ಕೆಲವು ನೂರನ್ನಾದರೂ ಬ್ರೇಕ್ ಆಯಿಲಿಗೆ ಕೊಡಬಾರದಿತ್ತೇ?

ಬ್ರೇಕ್ ಆಯಿಲ್ ಅಂದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಇದಕ್ಕೊಂದು ಕೆಟ್ಟ ಚಾಳಿಯಿದೆ, ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಬಾಟಲಿ ಆಗತಾನೇ ಒಡೆದ ಡಾಟ್ 4 ದರ್ಜೆಯ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ನಿಯಮ. ಅದೇ ದ್ರವ 3.7 ಶೇಕಡಾದಷ್ಟು ನೀರು ಕುಡಿದ ಮೇಲೆ ಈ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಬೈಕಿನ ದ್ರವ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರಿಗೆ, ಅಲ್ಲಿಂದ ದ್ರವಕ್ಕೆ ಹತ್ತುತ್ತದೆ. ದ್ರವ ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ನೇರ ಪ್ಯಾಡಿಗೆ ಮುಟ್ಟುತ್ತದೆ. ಆವಿಯನ್ನು ಒತ್ತಿದರೆ ಅದು ತಾನೇ ಕುಗ್ಗಿ ಸುಮ್ಮನಾಗುತ್ತದೆ. ಕೈಯಲ್ಲಿ ಗಟ್ಟಿಯಾಗಿದ್ದ ಲಿವರ್ ಮೆತ್ತಗಾಗುತ್ತ, ಕೊನೆಗೆ ಹ್ಯಾಂಡಲ್ ಹಿಡಿಗೇ ಬಂದು ತಾಗುತ್ತದೆ. ಬೈಕು ಮಾತ್ರ ನಿಲ್ಲುವುದಿಲ್ಲ. ಮಾಸ್ಟರ್ ಸಿಲಿಂಡರಿನ ಪುಟ್ಟ ಕಿಟಕಿಯಲ್ಲಿ ದ್ರವ ತಿಳಿ ಜೇನಿನ ಬಣ್ಣ ಬಿಟ್ಟು ಕಂದುಬಣ್ಣಕ್ಕೆ ತಿರುಗಿದ್ದರೆ ಹಿಂದೆಮುಂದೆ ನೋಡದೆ ಬದಲಿಸಿ, ಗಾಳಿ ಉಳಿಯದ ಹಾಗೆ ಬ್ಲೀಡ್ ಮಾಡಿಸಿ. ಪ್ಯಾಡು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅದನ್ನೂ ಬದಲಿಸಿ. ತೆಳುವಾದ ಪ್ಯಾಡು ಶಾಖವನ್ನು ಬೇಗ ದಾಟಿಸುತ್ತದೆ.

ಟೈರಿನ ಮಟ್ಟಿಗೆ ಶಾಖ ಶತ್ರುವೂ ಹೌದು, ಮಿತ್ರನೂ ಹೌದು. ರಬ್ಬರ್ ರಸ್ತೆಯ ಸಣ್ಣ ಉಬ್ಬುತಗ್ಗುಗಳ ಮೇಲೆ ಒತ್ತಿ, ಅವುಗಳ ಆಕಾರಕ್ಕೆ ಹೊಂದಿಕೊಂಡಾಗಲೇ ಹಿಡಿತ. ತಣ್ಣಗಿದ್ದಾಗ ಅದು ಬಿರುಸು, ಹೊಂದಿಕೊಳ್ಳಲು ನಿಧಾನ. ಅದಕ್ಕೇ ಮೊದಲೆರಡು ಸುತ್ತುಗಳಲ್ಲಿ ಅನುಭವಿಗಳೂ ಅವಸರ ಮಾಡುವುದಿಲ್ಲ. ಬಿಸಿ ಏರಿದ ಹಾಗೆ ಒಳಗಿನ ಗಾಳಿಯ ಒತ್ತಡವೂ ಏರುತ್ತದೆ. 30 ಡಿಗ್ರಿಯಲ್ಲಿ 30 ಪಿಎಸ್‌ಐ ತೋರಿಸಿದ ಟೈರು 60 ಡಿಗ್ರಿಗೆ ಬಂದಾಗ 34 ದಾಟುತ್ತದೆ. ಟೈರು ಉಬ್ಬಿದರೆ ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ. ಟ್ರ್ಯಾಕ್‌ನಲ್ಲಿ ಬೆಳಗ್ಗೆ ಗಾಳಿ ಸ್ವಲ್ಪ ಇಳಿಸಿ ಹೊರಡುವುದು ಈ ಕಾರಣಕ್ಕೆ. ಎಷ್ಟು ಇಳಿಸಬೇಕು ಎಂಬುದಕ್ಕೆ ಟೈರು ತಯಾರಕರ ಸೂಚನೆ ನೋಡಿ. ಪಕ್ಕದ ಬೈಕಿನವರ ಸಲಹೆ ಅವರ ಟೈರಿಗಷ್ಟೇ. ವಿಪರೀತ ಇಳಿಸಿದರೆ ಟೈರಿನ ಗೋಡೆ ಮಡಚಿ ಮಡಚಿ ಇನ್ನೂ ಹೆಚ್ಚು ಕಾಯುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಮುದ್ರೆ ಇರುತ್ತದೆ, ಅದನ್ನೂ ಓದಿಕೊಳ್ಳಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಸವೆಯದಿದ್ದರೂ ಅಷ್ಟು ಹಳೆಯ ರಬ್ಬರು ಗಡುಸಾಗಿರುತ್ತದೆ.

ಎಷ್ಟೇ ಹದವಾಗಿ ಕಾದ ಟೈರಾದರೂ ಹಿಡಿತಕ್ಕೆ ಮಿತಿಯುಂಟು, ಆ ಮಿತಿಯೊಳಗೆ ಬ್ರೇಕು, ತಿರುವು ಎರಡಕ್ಕೂ ಪಾಲು. ಪಾಲಾಗುವ ರೀತಿ ಮಾತ್ರ ವಿಚಿತ್ರ. ಹಿಡಿತದ 80 ಶೇಕಡಾ ತಿರುವಿಗೆ ಖರ್ಚಾದರೆ ಬ್ರೇಕಿಗೆ ಉಳಿಯುವುದು 20 ಅಲ್ಲ, 60. ಎರಡೂ ಬಲಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ಪೈಥಾಗರಸನ ಲೆಕ್ಕ ನಡೆಯುತ್ತದೆ. ಆದರೆ ತಿರುವು ಪೂರ್ತಿ ನೂರನ್ನೂ ಕೇಳಿದಾಗ ಬ್ರೇಕಿಗೆ ಏನೂ ಇಲ್ಲ, ಆಗ ಲಿವರ್ ಮುಟ್ಟಿದರೂ ಮುಂದಿನ ಚಕ್ರ ಜಾರುತ್ತದೆ. ಆ ಅಂಚಿಗೆ ಎಷ್ಟು ಬೇಗ ಬರುತ್ತೇವೆ ಎಂಬುದು ಹೊಸಬರಿಗೆ ಅಂದಾಜಾಗುವುದಿಲ್ಲ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 60 ಕಿ.ಮೀ. ವೇಗಕ್ಕೆ ಸುಮಾರು 30 ಡಿಗ್ರಿ ವಾಲಿದರೆ ಸಾಕು. 80 ಕಿ.ಮೀ.ಗೆ 45 ಡಿಗ್ರಿ ಬೇಕು. ವೇಗ ಮೂರನೇ ಒಂದು ಪಾಲು ಹೆಚ್ಚಿತು, ಟೈರಿನಿಂದ ಕೇಳಿದ ಪಕ್ಕಬಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಗ್ಯಾರೇಜಿನ ಇತರ ಕೆಲಸಗಳು ಬೇಗ ಮುಗಿಯುವಂಥವು. ಕನ್ನಡಿ ಬಿಚ್ಚಿ, ಹೆಡ್‌ಲೈಟು ಮತ್ತು ಇಂಡಿಕೇಟರುಗಳಿಗೆ ಟೇಪು ಸುತ್ತಿ, ಚೈನಿನ ಸಡಿಲ ನೋಡಿ, ಎಂಜಿನ್ ಆಯಿಲಿನ ಡ್ರೈನ್ ಬೋಲ್ಟು ಬಿಗಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ರೇಸ್ ಬೈಕುಗಳಲ್ಲಿ ಆ ಬೋಲ್ಟಿನ ತಲೆಗೆ ತೂತು ಕೊರೆದು ತಂತಿ ಬಿಗಿಯುತ್ತಾರೆ. ನಿಮ್ಮ ಬೈಕಿನಿಂದ ಸುರಿದ ಎಣ್ಣೆಯ ಮೇಲೆ ಜಾರುವುದು ಹಿಂದೆ ಬರುವವನು.

ಜಾರಿದರೆ? ಅಲ್ಲೂ ಶಾಖದ್ದೇ ಕಥೆ. 80 ಕಿಲೋದ ಮನುಷ್ಯ 80 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಿದ್ದರೆ ಸುಮಾರು 20 ಕಿಲೋಜೂಲ್ ಶಕ್ತಿ ಉಜ್ಜಾಟದಲ್ಲೇ ಕಳೆಯಬೇಕು. ಜೀನ್ಸಿನ ಹತ್ತಿ ಹರಿಯುತ್ತದೆ. ಅಗ್ಗದ ನೈಲಾನ್ ಜಾಕೆಟ್ಟು ಕರಗಿ ಚರ್ಮಕ್ಕೇ ಅಂಟಬಹುದು. ತೊಗಲು ಕರಗುವುದಿಲ್ಲ, ಅದರ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಹರಿಯುವುದೂ ಇಲ್ಲ. ಇಡೀ ಮೈಯ ಲೆದರ್ ಸೂಟು, ಇಲ್ಲವೇ ಸೊಂಟದ ಸುತ್ತ ಜಿಪ್ಪಿನಿಂದ ಕೂಡುವ ಎರಡು ತುಂಡಿನ ಸೂಟು ಬೇಕು ಎಂದು ಆಯೋಜಕರು ಹಟ ಹಿಡಿಯುವುದು ಸುಮ್ಮನೆ ಅಲ್ಲ. ಕೈಗವಸು ಮಣಿಕಟ್ಟು ದಾಟಬೇಕು, ಬೂಟು ಹರಡು ಮುಚ್ಚಬೇಕು. ಹೆಲ್ಮೆಟ್ಟಿನ ಒಳಗಿನ ಬೆಂಡಿನಂಥ ಪದರ ಒಮ್ಮೆ ಜಜ್ಜಿ ಹೋದರೆ ಮತ್ತೆ ಉಬ್ಬುವುದಿಲ್ಲ. ತಲೆಯ ಸಮೇತ ಒಮ್ಮೆ ನೆಲ ಕಂಡ ಹೆಲ್ಮೆಟ್ಟನ್ನು, ಹೊರಗೆ ಗೀರು ಕಾಣದಿದ್ದರೂ, ತರಬೇಡಿ.

ಅದೇ ಸೂಟು ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಒಂದು ಗ್ರಾಂ ಬೆವರು ಆವಿಯಾದರೆ 2.4 ಕಿಲೋಜೂಲ್ ಶಾಖ ಒಯ್ಯುತ್ತದೆ. ಚೆನ್ನೈನ ಜಿಗುಟು ಹವೆಯಲ್ಲಿ, ತೊಗಲಿನೊಳಗೆ, ಬೆವರು ಸುರಿಯುತ್ತದೆಯೇ ಹೊರತು ಆವಿಯಾಗುವುದಿಲ್ಲ. ಮೈತೂಕದ ಎರಡು ಶೇಕಡಾದಷ್ಟು ನೀರು ಹೋದರೂ ಗಮನ ಮಂಕಾಗತೊಡಗುತ್ತದೆ. ಸೆಷನ್ ಮುಗಿದ ಕೂಡಲೇ ನೆರಳಿಗೆ ಬಂದು ಸೂಟನ್ನು ಸೊಂಟದವರೆಗೆ ಬಿಚ್ಚಿ, ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿಯಿರಿ. ಬಾಯಾರಿಕೆಗೆ ಕಾಯಬೇಡಿ. ರಾತ್ರಿಯೆಲ್ಲ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಓಡಿಸಿಕೊಂಡು ಹೋಗಿ ಬೆಳಗ್ಗೆ ಟ್ರ್ಯಾಕಿಗೆ ಇಳಿಯುವುದನ್ನು ಶೌರ್ಯ ಎನ್ನುವವರಿದ್ದಾರೆ; ನಾನು ಅದನ್ನು ನಿದ್ದೆಗೇಡಿತನ ಎನ್ನುತ್ತೇನೆ. ಸಾಧ್ಯವಾದರೆ ಬೈಕನ್ನು ಟೆಂಪೋದಲ್ಲಿ ಕಳಿಸಿ. ಬಿದ್ದು ಹ್ಯಾಂಡಲ್ ಸೊಟ್ಟಗಾದರೆ ವಾಪಸು ತರುವುದಕ್ಕೂ ಅದೇ ಬೇಕು.

ದಣಿದ ತಲೆ ಮೊದಲು ಕಳೆದುಕೊಳ್ಳುವುದು ನೋಟವನ್ನು. 140 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 39 ಮೀಟರ್. ಮೈಕೇಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಎಂಬ ವಿಜ್ಞಾನಿಗಳು ಕಾರು ಚಾಲಕರ ಕಣ್ಣಿನ ಚಲನೆಯನ್ನು ಅಳೆದು 1994ರಲ್ಲಿ ಪ್ರಕಟಿಸಿದರು: ತಿರುವು ಬರುವ ಒಂದೆರಡು ಸೆಕೆಂಡು ಮೊದಲೇ ಚಾಲಕರ ನೋಟ ರಸ್ತೆಯ ಒಳಅಂಚು ಹೊರಳುವಂತೆ ಕಾಣುವ ಬಿಂದುವಿಗೆ ಹೋಗಿ ನೆಡುತ್ತದೆ. ಕೈ ಆ ನೋಟದ ಹಿಂದೆ ಬರುತ್ತದೆ. ಹೆದರಿದವರ ಕಣ್ಣು ಮುಂದಿನ ಚಕ್ರಕ್ಕೋ, ಹೊರಗಿನ ಮರಳಿಗೋ ಅಂಟಿಕೊಳ್ಳುತ್ತದೆ, ಬೈಕೂ ಅತ್ತಲೇ ಹೋಗುತ್ತದೆ. ತಲೆಯನ್ನೇ ತಿರುಗಿಸಿ ತಿರುವಿನ ಆಚೆ ನೋಡುವ ಅಭ್ಯಾಸವನ್ನು ಊರಿನ ಖಾಲಿ ಮೈದಾನದಲ್ಲಿ, ನಿಧಾನ ವೇಗದಲ್ಲೇ ಮಾಡಿಕೊಳ್ಳಬಹುದು.

ಚೌಕಳಿ ಬಾವುಟ ಕಂಡ ಮೇಲಿನ ಸುತ್ತನ್ನು ನಿಧಾನವಾಗಿ, ಬ್ರೇಕು ಆದಷ್ಟು ಮುಟ್ಟದೆ ಮುಗಿಸಿ. ಓಡುವಾಗ ಬೀಸುವ ಗಾಳಿ ಡಿಸ್ಕನ್ನು ಆರಿಸುತ್ತದೆ. ಕಾದ ಡಿಸ್ಕಿನೊಂದಿಗೆ ಬಂದು ತಟ್ಟನೆ ನಿಂತರೆ ಗಾಳಿಯಿಲ್ಲ, ಶಾಖವೆಲ್ಲ ಕ್ಯಾಲಿಪರಿಗೆ ಹತ್ತಿ ನಿಂತಲ್ಲೇ ದ್ರವ ಕುದಿಯಬಹುದು. ಪಿಟ್ಟಿಗೆ ಬಂದ ಕೂಡಲೇ, ಹೆಲ್ಮೆಟ್ ತೆಗೆಯುವ ಮೊದಲೇ, ಟೈರಿಗೆ ಗೇಜು ಹಿಡಿಯಿರಿ. ಮುಂದಿನ ಸೆಷನ್ನಿಗೆ ಎಷ್ಟು ಗಾಳಿ ಇಳಿಸಬೇಕೆಂದು ಹೇಳುವುದು ಆ ಬಿಸಿ ಅಂಕಿಯೇ. ಐದು ನಿಮಿಷ ಹರಟೆ ಹೊಡೆದು ನೋಡಿದರೆ ಗೇಜಿನಲ್ಲಿ ಕಾಣುವುದು ಬೇರೆ ಅಂಕಿ.