ಬ್ಯಾಕ್ಟೀರಿಯಗಳಿಗೆ ಅಡುಗೆ

ಹಳಸಿದ ಸಾರನ್ನು ಕಂಡು ಮೂಗು ಮುರಿಯದವರಿಲ್ಲ. ಆದರೆ ಹಳಸಲೆಂದೇ ಸಾರನ್ನು ತಯಾರಿಸುವ ಅಡುಗೆಮನೆಗಳೂ ಲೋಕದಲ್ಲಿವೆ. ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ, ಕಾಲೇಜಿನ ಜೀವವಿಜ್ಞಾನ ವಿಭಾಗದಲ್ಲಿ ಹೊಂಬಣ್ಣದ ತಿಳಿಸಾರೊಂದು ಸಿದ್ಧವಾಗುತ್ತಿರುತ್ತದೆ. ಅದನ್ನುಣ್ಣುವ ಅತಿಥಿಗಳು ಬ್ಯಾಕ್ಟೀರಿಯಗಳು. ಈ ಔತಣದಲ್ಲಿ ಬಡಿಸುವುದು ಸುಲಭ, ಕರೆಯದೆ ಬರುವವರನ್ನು ಹೊರಗಿಡುವುದೇ ಕಷ್ಟ. ಆ ಕಷ್ಟವನ್ನು ಪರಿಹರಿಸಿದವರಲ್ಲಿ ಒಬ್ಬ ಭೌತವಿಜ್ಞಾನಿಯೂ ಇದ್ದನೆಂಬುದು ಭೌತಶಾಸ್ತ್ರವನ್ನು ಬೋಧಿಸುವ ನನ್ನಂಥವನಿಗೆ ಹೆಮ್ಮೆಯ ಸಂಗತಿ.

ಮೊದಲು ಅಡುಗೆಯ ಸಾಮಗ್ರಿಯನ್ನು ನೋಡೋಣ. ಒಂದು ಲೀಟರು ಬಟ್ಟಿಯಿಳಿಸಿದ ನೀರು, 5 ಗ್ರಾಂ ಪೆಪ್ಟೋನ್, 3 ಗ್ರಾಂ ಮಾಂಸದ ಸತ್ತ್ವ, 5 ಗ್ರಾಂ ಉಪ್ಪು. ಪೋಷಕ ಸಾರು ಅಥವಾ ನ್ಯೂಟ್ರಿಯೆಂಟ್ ಬ್ರಾತ್ ಎಂಬುದು ಇಷ್ಟೆ. ಪೆಪ್ಟೋನ್ ಎಂದರೆ ಜೀರ್ಣರಸಗಳಿಂದ ಭಾಗಶಃ ಪಚನಗೊಂಡ ಪ್ರೋಟೀನು. ಪಚನಗೊಳ್ಳದ ಪ್ರೋಟೀನನ್ನೇ ಏಕೆ ಹಾಕಬಾರದು? ಮೊಟ್ಟೆಯ ಬಿಳಿಯನ್ನು ಕಾಯಿಸಿ ನೋಡಿದವರಿಗೆ ಉತ್ತರ ತಿಳಿದೇ ಇದೆ: ಅದು ಹೆಪ್ಪುಗಟ್ಟುತ್ತದೆ. ಪೆಪ್ಟೋನ್ ಹೆಪ್ಪುಗಟ್ಟದು. ಅಲ್ಲದೆ ಇಡಿಯ ಪ್ರೋಟೀನಿನ ಭಾರಿ ಅಣುಗಳು ಬ್ಯಾಕ್ಟೀರಿಯದ ಒಳಗೆ ನುಸುಳಲಾರವು. ಪೆಪ್ಟೋನಿನ ತುಣುಕುಗಳು ನುಸುಳಬಲ್ಲವು. ಮಾಂಸದ ಸತ್ತ್ವದಿಂದ ಲವಣಗಳೂ ಜೀವಸತ್ತ್ವಗಳೂ ಒದಗುತ್ತವೆ. ಸಾರು ಹುಳಿಯೂ ಆಗದೆ ಕ್ಷಾರವೂ ಆಗದೆ, ಪಿ.ಎಚ್. ಮಾನ ಏಳರ ಆಸುಪಾಸಿನಲ್ಲಿರಬೇಕು.

ಇನ್ನು ಕುದಿಸುವ ಮಾತು. ಕುದಿಸಿದರೆ ಎಲ್ಲ ಜೀವಿಗಳೂ ಸಾಯುವುದಿಲ್ಲವೆ? ಹತ್ತೊಂಬತ್ತನೆಯ ಶತಮಾನದ ಘನ ವಿದ್ವಾಂಸರೂ ಹೀಗೆಯೇ ನಂಬಿದ್ದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಜಾನ್ ಟಿಂಡಲ್ ಬೆಳಕಿನ ಚೆದರಿಕೆಯನ್ನು ಅಭ್ಯಸಿಸಿದವನು. ಕತ್ತಲೆಯ ಕೋಣೆಗೆ ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲು ನಮಗೆ ಕಾಣುವುದು ಗಾಳಿಯ ಧೂಳಿನಿಂದ. ಧೂಳಿಲ್ಲದಿದ್ದರೆ ಕೋಲೇ ಕಾಣದು. ಟಿಂಡಲ್ಲನು ಒಳಮೈಗೆ ಗ್ಲಿಸರಿನ್ ಸವರಿದ ಪೆಟ್ಟಿಗೆಯನ್ನು ಅಲುಗಿಸದೆ ಇಟ್ಟು, ಧೂಳೆಲ್ಲ ಕೆಳಗಿಳಿದು ಬೆಳಕಿನ ಜಾಡು ಕಾಣದಂತಾದ ಮೇಲೆ, ಅದರ ತಳಕ್ಕೆ ಜೋಡಿಸಿದ್ದ ಪ್ರನಾಳಗಳಿಗೆ ಮಾಂಸ, ಮೀನು, ತರಕಾರಿಗಳ ಸಾರುಗಳನ್ನು ತುಂಬಿ ಐದು ನಿಮಿಷ ಕುದಿಸಿದನು. ಅವು ತಿಂಗಳುಗಟ್ಟಲೆ ತಿಳಿಯಾಗಿಯೇ ಉಳಿದವು. ಹೊರಗೆ ತೆರೆದಿಟ್ಟ ಸಾರು ಕೆಲವೇ ದಿನಗಳಲ್ಲಿ ಕೊಳೆಯಿತು. ಕುದಿಸಿದ ಸಾರಿನಲ್ಲಿ ಜೀವವು ತಾನಾಗಿಯೇ ಹುಟ್ಟುವುದೆಂದು ವಾದಿಸುತ್ತಿದ್ದ ಬ್ಯಾಸ್ಟಿಯನ್ ಎಂಬ ವೈದ್ಯನಿಗೆ ಇದು ತಕ್ಕ ಉತ್ತರವೆಂದು 1876ರ ಆದಿಯಲ್ಲಿ ಟಿಂಡಲ್ಲನು ಭಾವಿಸಿದನು.

ಆದರೆ ಅದೇ ವರ್ಷದ ಶರತ್ಕಾಲದಲ್ಲಿ ಅವನ ಸಾರುಗಳು ಒಂದೊಂದಾಗಿ ಕೆಡತೊಡಗಿದವು! ಪೆಟ್ಟಿಗೆ ಅದೇ, ಕೈ ಅದೇ, ಕುದಿಸುವ ಕ್ರಮವೂ ಅದೇ. ಎದುರಾಳಿಯ ಮಾತೇ ನಿಜವೆನ್ನಬೇಕಾದ ಪರಿಸ್ಥಿತಿ. ಸೋಲೊಪ್ಪದೆ ಹುಡುಕಿದಾಗ, ಪ್ರಯೋಗಶಾಲೆಗೆ ತಂದಿದ್ದ ಹಳೆಯ ಒಣಹುಲ್ಲಿನ ಮೇಲೆ ಅವನ ಸಂಶಯ ಬಿದ್ದಿತು. ಒಣಹುಲ್ಲಿನ ಕೆಲವು ಕಷಾಯಗಳು ಗಂಟೆಗಟ್ಟಲೆ ಕುದಿಸಿದರೂ ಕೆಡುತ್ತಿದ್ದವು. ಹುಲ್ಲಿನ ಬ್ಯಾಕ್ಟೀರಿಯ ಕಷ್ಟಕಾಲದಲ್ಲಿ ಗಟ್ಟಿಕವಚದ ಬೀಜಕವಾಗಿ ಕುಳಿತುಬಿಡುವುದನ್ನು ಜರ್ಮನಿಯ ಫರ್ಡಿನಾಂಡ್ ಕೋನ್ ಅದೇ 1876ರಲ್ಲಿ ತೋರಿಸಿದ್ದನು. ಬೀಜಕ ಕುದಿತಕ್ಕೆ ಜಗ್ಗದು. ಮೊಳೆತ ಬ್ಯಾಕ್ಟೀರಿಯ ಜಗ್ಗುತ್ತದೆ. ಹಾಗಿದ್ದರೆ ಅದು ಮೊಳೆಯುವವರೆಗೆ ಕಾಯಬಾರದೇಕೆ? ಸಾರನ್ನು ಸ್ವಲ್ಪ ಹೊತ್ತು ಕುದಿಸಿ, ಆರಲು ಬಿಟ್ಟು, ಅರ್ಧ ದಿನದ ಮೇಲೆ ಮತ್ತೆ ಕುದಿಸಿ, ಹೀಗೆ ಹಲವು ಸಲ ಮಾಡಿದಾಗ, ಗಂಟೆಗಟ್ಟಲೆ ಒಂದೇ ಸಮನೆ ಕುದಿಸಿ ಆಗದಿದ್ದುದು ಕೆಲವೇ ನಿಮಿಷಗಳ ಕುದಿತದಿಂದ ಆಯಿತು. 1877ರ ಈ ವಿಧಾನಕ್ಕೆ ಟಿಂಡಲೀಕರಣವೆಂಬ ಹೆಸರು ನಿಂತಿದೆ. ಉಳಿದ ಸಾರನ್ನು ಎರಡು ಹೊತ್ತೂ ಕುದಿಸಿಡುವ ನಮ್ಮ ಅಜ್ಜಿಯರು ಟಿಂಡಲ್ಲನ ಹೆಸರನ್ನು ಕೇಳಿದವರಲ್ಲ. ಮುಚ್ಚಳ ತೆಗೆದಾಗಲೆಲ್ಲ ಹೊಸ ಧೂಳು ಬೀಳುವುದರಿಂದ ಅವರ ಸಾರು ಪೂರ್ಣ ನಿರ್ಜೀವವಾಗದು; ಆದರೂ ಉಪಾಯ ಅದೇ ಜಾತಿಯದು.

ಈಗ ಅಷ್ಟು ಕಾಯುವ ತಾಳ್ಮೆ ಯಾರಿಗೂ ಬೇಕಿಲ್ಲ. ಪ್ಯಾಸ್ಟರನ ಸಹೋದ್ಯೋಗಿ ಷಾಂಬರ್ಲ್ಯಾಂಡ್ 1879ರಲ್ಲಿ ರೂಪಿಸಿದ ಆಟೋಕ್ಲೇವ್ ನಮ್ಮ ಪ್ರೆಷರ್ ಕುಕ್ಕರಿನ ಅಣ್ಣ. ವಾಯುಭಾರಕ್ಕಿಂತ ಚದರಂಗುಲಕ್ಕೆ 15 ಪೌಂಡು ಹೆಚ್ಚಿನ ಒತ್ತಡದಲ್ಲಿ ಆವಿ 121 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ; 15 ನಿಮಿಷ ಸಾಕು, ಬೀಜಕಗಳೂ ಸಾಯುತ್ತವೆ. ಕೊಲ್ಲುವುದು ಒತ್ತಡವಲ್ಲ, ಶಾಖ. ಆದ್ದರಿಂದಲೇ ಒಳಗಿನ ಗಾಳಿಯನ್ನು ಮೊದಲು ಹೊರದೂಡಬೇಕು; ಗಾಳಿ ಉಳಿದರೆ ಮುಳ್ಳು 15 ಪೌಂಡನ್ನೇ ತೋರಿಸುತ್ತಿದ್ದರೂ ಶಾಖ ಅಷ್ಟಕ್ಕೇರಿರದು. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರವೇ ಕಡಿಮೆಯಾದುದರಿಂದ ಅದೇ 15 ಪೌಂಡಿಗೆ ಸುಮಾರು 119 ಡಿಗ್ರಿಯಷ್ಟೇ ದೊರೆಯುತ್ತದೆ. ಮುಳ್ಳಿಗಿಂತ ಉಷ್ಣಮಾಪಕವನ್ನು ನಂಬುವುದು ಲೇಸು.

ತಣಿದ ಸಾರಿಗೆ ಬ್ಯಾಕ್ಟೀರಿಯವನ್ನು ಬಿತ್ತಿ 37 ಡಿಗ್ರಿಯಲ್ಲಿಟ್ಟರೆ ಏನಾಗುವುದು? ನಮ್ಮ ಕರುಳಿನ ಕೋಲಿ ಬ್ಯಾಕ್ಟೀರಿಯ, ಸಮೃದ್ಧವಾದ ಸಾರಿಗೆ ಒಗ್ಗಿದ ಮೇಲೆ, 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತದೆ. ಮಿಲಿಲೀಟರಿಗೆ ಸಾವಿರವಿದ್ದದ್ದು ಮೂರು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಹತ್ತು ಲಕ್ಷವಾಗುವುದು. ಆಗಲೂ ಸಾರು ತಿಳಿಯಾಗಿಯೇ ಕಾಣುತ್ತದೆ! ಸಂಖ್ಯೆ ಕೋಟಿಯ ಸಮೀಪಕ್ಕೆ ಬಂದಾಗ ಮಾತ್ರ ಬೆಳಕು ಸಾಕಷ್ಟು ಚೆದರಿ ಕಣ್ಣಿಗೆ ಮಸುಕು ತೋರುವುದು. ತಿಳಿಯಾದ ಸಾರೆಲ್ಲ ನಿರ್ಜೀವವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆದುದರಿಂದ ಹೊಸದಾಗಿ ಮಾಡಿದ ಸಾರಿನ ಕೆಲವು ಪ್ರನಾಳಗಳನ್ನು ಏನನ್ನೂ ಬಿತ್ತದೆ ಒಂದೆರಡು ದಿನ ಬೆಚ್ಚಗಿಟ್ಟು ಪರೀಕ್ಷಿಸುವರು.

ಇಷ್ಟು ಎಚ್ಚರ ಏಕೆ? ರಕ್ತಕ್ಕೆ ನಂಜೇರಿದೆಯೆಂಬ ಶಂಕೆಯಿದ್ದಾಗ ವೈದ್ಯರು ರೋಗಿಯ ತೋಳಿನಿಂದ 8-10 ಮಿಲಿಲೀಟರು ರಕ್ತ ತೆಗೆದು ಇಂಥದೇ ಸಾರಿನ ಸೀಸೆಗೆ ಹಾಕುತ್ತಾರೆ. ಬೆಳೆದ ಬ್ಯಾಕ್ಟೀರಿಯ ಯಾವುದು, ಯಾವ ಔಷಧಕ್ಕೆ ಮಣಿಯುವುದು ಎಂಬುದರ ಮೇಲೆ ಚಿಕಿತ್ಸೆ ನಿಲ್ಲುತ್ತದೆ. ಚರ್ಮದ ಮೇಲಿನ ಯಾವುದೋ ನಿರಪರಾಧಿ ಜೀವಿ ಸೀಸೆಗೆ ನುಸುಳಿದರೆ, ಬೇಡದ ಔಷಧ ರೋಗಿಯ ಮೈಸೇರೀತು. ನಿಜವಾದ ಅಪರಾಧಿ ಮರೆಯಲ್ಲೇ ಉಳಿದೀತು.

ಎಲ್ಲ ಬ್ಯಾಕ್ಟೀರಿಯಗಳೂ ಈ ಊಟಕ್ಕೆ ಒಲಿಯುವುದಿಲ್ಲವೆಂಬುದನ್ನೂ ಹೇಳಬೇಕು. ಕ್ಷಯದ ಬ್ಯಾಕ್ಟೀರಿಯಕ್ಕೆ ಬೇರೆಯೇ ಅಡುಗೆ ಬೇಕು. ಹ್ಯಾನ್ಸನ್ 1873ರಲ್ಲಿ ಕಂಡ ಕುಷ್ಠದ ಬ್ಯಾಕ್ಟೀರಿಯವನ್ನು ಯಾವ ಕೃತಕ ಆಹಾರದಲ್ಲಿಯೂ ಇಂದಿನವರೆಗೆ ಬೆಳೆಸಲಾಗಿಲ್ಲ. ಇನ್ನು ಉಂಡುಳಿದ ಸಾರನ್ನು ಹಾಗೆಯೇ ಚರಂಡಿಗೆ ಚೆಲ್ಲುವಂತಿಲ್ಲ. ಅದು ಮತ್ತೊಮ್ಮೆ ಆಟೋಕ್ಲೇವನ್ನು ಹೊಕ್ಕು ಹೊರಬಂದ ಮೇಲೆಯೇ ಪಾತ್ರೆ ತೊಳೆಯುವವನ ಕೈಸೇರುತ್ತದೆ.