ಛತ್ತಾ ಬಜಾರಿನಲ್ಲಿ ಕಾಗದದ ಲೆಕ್ಕ

ಹೈದರಾಬಾದಿನ ಹಳೇ ಪೇಟೆಯಲ್ಲಿ, ಪುರಾನಿ ಹವೇಲಿಯ ಹತ್ತಿರ ಛತ್ತಾ ಬಜಾರ್ ಇದೆ. ಮದುವೆ ಕಾರ್ಡು ಮಾಡಿಸಬೇಕೆಂದರೆ ಊರಿನವರಿಗೆ ಥಟ್ಟನೆ ನೆನಪಾಗುವ ಬೀದಿ ಇದು. ಉರ್ದು ಅಚ್ಚಿನ ಕೆಲಸಕ್ಕೆ ತಲೆಮಾರುಗಳಿಂದ ಹೆಸರಾದ ಇಲ್ಲಿ ತೆಲುಗು, ಇಂಗ್ಲಿಷ್ ಕಾರ್ಡುಗಳೂ ಆಗುತ್ತವೆ. ರಸೀದಿ ಪುಸ್ತಕ, ವಿಸಿಟಿಂಗ್ ಕಾರ್ಡು, ಪೋಸ್ಟರುಗಳೂ ಆಗುತ್ತವೆ. ಗಿರಾಕಿಯ ಕಣ್ಣು ಮಾದರಿ ಕಾರ್ಡುಗಳ ಮೇಲೇ ಇರುತ್ತದೆ. ಅಂಗಡಿಯವನ ಕಣ್ಣು ಅದರ ಹಿಂದಿನ ಕಪಾಟಿನ ಮೇಲೆ. ಎಷ್ಟು ಕಾಗದ ಇದೆ, ಎಷ್ಟು ಬೇಕಾಗುತ್ತದೆ, ಯಾವತ್ತು ತರಿಸಬೇಕು ಎಂಬ ಲೆಕ್ಕ ತಪ್ಪಿದರೆ ಎಂಥ ಕುಶಲ ಮುದ್ರಕನೂ ಮಾತು ಉಳಿಸಿಕೊಳ್ಳಲಾರ. ಯಾರೂ ಹೊಗಳದ ಈ ವಿದ್ಯೆಯನ್ನು ನಾನು ಅಚ್ಚಿನ ಕಸುಬಿನ ಅರ್ಧಭಾಗವೆಂದೇ ಎಣಿಸುತ್ತೇನೆ.

ಹಿಂದೆ ಇಲ್ಲಿ ಕಾತಿಬರು, ಎಂದರೆ ಉರ್ದು ಲಿಪಿಕಾರರು, ಸಾಲಾಗಿ ಕೂತು ಬರೆಯುತ್ತಿದ್ದರು. ಲೇಖನಿ, ಮಸಿ, ಒಂದಿಷ್ಟು ನುಣುಪು ಕಾಗದ ಇದ್ದರೆ ಅವರ ದಾಸ್ತಾನು ಮುಗಿಯಿತು. 1981ರಲ್ಲಿ ನೂರಿ ನಸ್ತಾಲಿಕ್ ಅಕ್ಷರಶೈಲಿ, 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ಆ ಕೆಲಸ ಕಂಪ್ಯೂಟರಿಗೆ ಸರಿಯಿತು. ಬರೆಯುವ ಕೈಗಳು ಕಡಿಮೆಯಾದವು, ಕಪಾಟು ಮಾತ್ರ ಬೆಳೆಯಿತು: 70, 80 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ಮ್ಯಾಪ್ಲಿಥೋ ಕಾಗದ, 300 ಜಿಎಸ್‌ಎಂ ಆರ್ಟ್ ಕಾರ್ಡ್, ಲ್ಯಾಮಿನೇಶನ್ ರೋಲು, ಟೋನರು, ಹತ್ತಾರು ಬಣ್ಣದ ಲಕೋಟೆ.

ಕಾಗದ ಭಾರದ ಸರಕು. 23x36 ಇಂಚಿನ 70 ಜಿಎಸ್‌ಎಂ ಕಾಗದದ ಒಂದು ರೀಮು, ಅಂದರೆ 500 ಹಾಳೆ, ಸುಮಾರು 18.7 ಕಿಲೋ ತೂಗುತ್ತದೆ. ಇಪ್ಪತ್ತು ರೀಮು ತರಿಸಿದರೆ ಇಕ್ಕಟ್ಟು ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ದುಡ್ಡೂ ಇರುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಸಂಕಟ. ಕಾಗದ ಗಾಳಿಯ ತೇವ ಕುಡಿಯುತ್ತದೆ, ಅಂಚು ಅಲೆ‌ಅಲೆಯಾಗುತ್ತದೆ, ಯಂತ್ರದಲ್ಲಿ ಎರಡೆರಡು ಹಾಳೆ ಒಟ್ಟಿಗೆ ಓಡುತ್ತವೆ. ಆದ್ದರಿಂದ ರೀಮನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸದೆ ಹಲಗೆಯ ಮೇಲಿಡಬೇಕು, ಬೇಕಾಗುವವರೆಗೆ ಹೊದಿಕೆ ಬಿಚ್ಚಬಾರದು.

ಎಷ್ಟು ಉಳಿದಾಗ ತರಿಸಬೇಕು ಎನ್ನುವುದಕ್ಕೆ ಸರಳ ಸೂತ್ರವಿದೆ. ದಿನಕ್ಕೆ 200 ಹಾಳೆ ಆರ್ಟ್ ಕಾರ್ಡ್ ಖರ್ಚಾಗುತ್ತದೆ, ಹೇಳಿದ ಎರಡು ದಿನಕ್ಕೆ ಮಾಲು ಬರುತ್ತದೆ ಎಂದುಕೊಳ್ಳಿ. ಆ ಎರಡು ದಿನಕ್ಕೆ 400, ಲಾರಿ ತಡವಾದೀತೆಂದು ಇನ್ನೂ ಎರಡು ದಿನದ್ದು 400. ಒಟ್ಟು 800 ಹಾಳೆಗೆ ಇಳಿದ ದಿನವೇ ಫೋನು ಮಾಡಬೇಕು. ಅದನ್ನು ಕಂಪ್ಯೂಟರಿನಲ್ಲಿ ನೋಡಬೇಕೆಂದೇನಿಲ್ಲ. ಅಟ್ಟಿಯಲ್ಲಿ ಕೆಳಗಿನಿಂದ ಎಣಿಸಿ 800ನೇ ಹಾಳೆಯ ಮೇಲೊಂದು ಕೆಂಪು ಚೀಟಿ ಇಟ್ಟರೆ ಸಾಕು. ಮೇಲಿನ ಹಾಳೆ ಮುಗಿದು ಚೀಟಿ ಕಂಡಾಗ ಕೆಲಸದ ಹುಡುಗನೂ ಎಚ್ಚೆತ್ತುಕೊಳ್ಳುತ್ತಾನೆ.

ಆದರೆ ದಿನದ ಖರ್ಚು ವರ್ಷವಿಡೀ 200 ಆಗಿಯೇ ಇರುವುದಿಲ್ಲ. ಮದುವೆ ಕಾಲದಲ್ಲಿ ಅದು 600 ಆದರೆ ಚೀಟಿ 2400ನೇ ಹಾಳೆಗೆ ಏರಬೇಕು. ಯಾವಾಗ ಏರಬೇಕು ಎಂಬಲ್ಲಿ ಹೈದರಾಬಾದಿನ ಅಂಗಡಿಗೆ ಬೇರೆ ಅನೇಕ ಊರಿನವರಿಗಿಲ್ಲದ ಜವಾಬ್ದಾರಿ ಇದೆ: ಅದು ಎರಡು ಪಂಚಾಂಗ ನೋಡಬೇಕು. ಹಿಂದೂ ಮನೆಗಳಲ್ಲಿ ಆಷಾಢಕ್ಕೆ, ಅಧಿಕ ಮಾಸಕ್ಕೆ, ಗುರು ಶುಕ್ರರು ಅಸ್ತವಾದ ದಿನಗಳಿಗೆ ಲಗ್ನವಿಲ್ಲ. ಅನೇಕ ಮುಸ್ಲಿಂ ಮನೆಗಳಲ್ಲಿ ಮೊಹರಂ, ಸಫರ್ ತಿಂಗಳುಗಳಲ್ಲಿ ಮದುವೆ ಇಟ್ಟುಕೊಳ್ಳುವ ರೂಢಿಯಿಲ್ಲ. ರಂಜಾನ್ ಮುಗಿದು ಶವ್ವಾಲ್ ಬಂತೆಂದರೆ ಮದುವೆಗಳ ಸುಗ್ಗಿ. ಕಾರ್ಡು ಮದುವೆಗಿಂತ ಮೊದಲೇ ಹಂಚಬೇಕಾದ್ದರಿಂದ ಶವ್ವಾಲಿನ ಕಾಗದ ರಂಜಾನ್ ರಾತ್ರಿಗಳಲ್ಲೇ ಕರಗುತ್ತದೆ.

ಎರಡೂ ಪಂಚಾಂಗ ಚಂದ್ರನ ಲೆಕ್ಕವೇ. ಆದರೆ ಹಿಜ್ರಿ ವರ್ಷ ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು, ಅದಕ್ಕೆ ಅಧಿಕ ಮಾಸದ ಹೊಂದಾಣಿಕೆ ಇಲ್ಲ. 2024, 2025ರಲ್ಲಿ ಆಷಾಢವೂ ಮೊಹರಮ್ಮೂ ಒಂದೇ ಹೊತ್ತಿಗೆ ಬಂದು ಎರಡೂ ಕಡೆಯ ಲಗ್ನ ನಿಂತವು. 2026ರಲ್ಲಿ ಅಧಿಕ ಜ್ಯೇಷ್ಠ ನಡುವೆ ಸೇರಿ ಅವು ಅಗಲುತ್ತವೆ: ಮೊಹರಂ ನಿಜ ಜ್ಯೇಷ್ಠದ ಜೊತೆಗೆ, ಸಫರ್ ಆಷಾಢದ ಜೊತೆಗೆ. ಕಳೆದ ವರ್ಷದ ಖರೀದಿ ಪುಸ್ತಕ ನೋಡಿ ಈ ವರ್ಷ ಅದೇ ವಾರ ಅಷ್ಟೇ ಕಾಗದ ತರಿಸುವವನು ಕೆಡುವುದು ಇಲ್ಲೇ. ಬೀದರ, ಕಲಬುರಗಿಯ ಅಚ್ಚಿನ ಅಂಗಡಿಗಳಿಗೂ ಈ ಮಾತು ಅಕ್ಷರಶಃ ಸಲ್ಲುತ್ತದೆ. 1956ರವರೆಗೆ ಒಂದೇ ಸಂಸ್ಥಾನ, ಒಂದೇ ರಾಜ್ಯದಲ್ಲಿದ್ದ ಊರುಗಳಲ್ಲವೇ.

ಕಾರ್ಡಿಗೆ ಬಿಡುವಾದ ಆಷಾಢ ಫಲಕದ ಅಂಗಡಿಗೆ ಬಿರುಸಿನ ತಿಂಗಳು. ಗೋಲ್ಕೊಂಡದಲ್ಲಿ ಶುರುವಾಗಿ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿ, ಲಾಲ್‌ದರ್ವಾಜಾದವರೆಗೆ ದೇವಿಯ ಬೋನಾಲು ಹಬ್ಬ ನಡೆಯುತ್ತದೆ, ಗಲ್ಲಿಗಲ್ಲಿಗೂ ಶುಭಾಶಯದ ಫ್ಲೆಕ್ಸು. ಅದನ್ನು ತೆಗೆಯುವಷ್ಟರಲ್ಲಿ ಗಣಪತಿ ಬರುತ್ತಾನೆ. ಫ್ಲೆಕ್ಸಿನಲ್ಲಿ ಉದ್ದಕ್ಕಿಂತ ಅಗಲದ್ದೇ ತಲೆನೋವು. ಆರಡಿ ಉದ್ದ, ನಾಲ್ಕಡಿ ಎತ್ತರದ ಬ್ಯಾನರನ್ನು ಐದಡಿ ರೋಲಿನಲ್ಲಿ ತೆಗೆದರೆ ಮೂವತ್ತು ಚದರಡಿಯಲ್ಲಿ ಆರು ಚದರಡಿ ಪಟ್ಟಿಯಾಗಿ ಹೋಗುತ್ತದೆ, ಐದರಲ್ಲೊಂದು ಪಾಲು. ಹಾಗೆಂದು ಎಲ್ಲ ಅಗಲದ ರೋಲನ್ನೂ ಇಟ್ಟುಕೊಳ್ಳಲು ಜಾಗವೆಲ್ಲಿ? ಹೆಚ್ಚು ಓಡುವ ಎರಡು ಅಗಲ ಇಟ್ಟು, ಉಳಿದದ್ದನ್ನು ಕೆಲಸ ಬಂದಾಗ ತರುವುದೇ ಜಾಣತನ.

ಸರಕಾರದ ಆದೇಶವೂ ರಾತ್ರೋರಾತ್ರಿ ದಾಸ್ತಾನನ್ನು ಕೊಲ್ಲಬಲ್ಲದು. 2016ರ ಮಾರ್ಚಿನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ ದೇಶದಾದ್ಯಂತ ತಡೆ ಬಿತ್ತು. ಆದರೆ ಎರಡನೆಯದನ್ನು 2021ರ ಆಗಸ್ಟಿನಲ್ಲೇ ಪ್ರಕಟಿಸಿದ್ದರು. ಅದನ್ನು ಓದಿ ಖರೀದಿ ಕಡಿಮೆ ಮಾಡಲು ಹತ್ತು ತಿಂಗಳ ಸಮಯವಿತ್ತು. ಮುದ್ರಕರ ಸಂಘಗಳು ಇಂಥ ಅಧಿಸೂಚನೆಗಳನ್ನು ಕನ್ನಡ, ತೆಲುಗು, ಉರ್ದುವಿನಲ್ಲಿ ಒಂದು ಪುಟಕ್ಕಿಳಿಸಿ ಪ್ರತಿ ಅಂಗಡಿಗೂ ಮುಟ್ಟಿಸಬೇಕು. ಸಣ್ಣವರ ಬಂಡವಾಳ ಉಳಿಯುವುದು ಅಂಥ ಕೆಲಸದಿಂದ.

ಇನ್ನು ಖಾಲಿ ಮದುವೆ ಕಾರ್ಡುಗಳದ್ದು. ಚಿತ್ತಾರವೆಲ್ಲ ಅಚ್ಚಾಗಿ ಬಂದ ಕಾರ್ಡಿನ ಮೇಲೆ ಅಂಗಡಿಯವರು ಹೆಸರು, ಮುಹೂರ್ತ ಹಾಕಿಕೊಡುತ್ತಾರೆ. ಐನೂರು ಮಾಡಿಸಿದವರು ವಾರ ಬಿಟ್ಟು ಬಂದು, ಸೋದರಮಾವನ ಕಡೆಯವರನ್ನೇ ಮರೆತಿದ್ದೆವು, ಇನ್ನೈವತ್ತು ಬೇಕು ಎನ್ನುತ್ತಾರೆ. ಅಷ್ಟರಲ್ಲಿ ಆ ಮಾದರಿ ತಯಾರಕರಲ್ಲೇ ನಿಂತಿರಬಹುದು. ಹಾಗಾಗಿ ಆರ್ಡರಿನ ಜೊತೆ ಒಂದಿಷ್ಟು ಹೆಚ್ಚುವರಿ ಕಾರ್ಡು ತರಿಸಿ, ಕಟ್ಟಿನ ಮೇಲೆ ಮದುವೆ ತಾರೀಖು ಬರೆದು ಬೇರೆಯೇ ಇಡಬೇಕು. ತಾರೀಖು ದಾಟಿದ ಕಟ್ಟನ್ನು ಬಿಚ್ಚಿ, ಐವತ್ತೇ ಕಾರ್ಡು ಕೇಳಿಕೊಂಡು ಬರುವ ಗೃಹಪ್ರವೇಶ, ನಾಮಕರಣ, ಅಕೀಕಾದವರಿಗೆ ಕಡಿಮೆ ದರದಲ್ಲಿ ತೋರಿಸಬಹುದು.