ಕೆರೆಯ ದ್ರವ್ಯವೂ ಕೆರೆಯ ಶಾಸ್ತ್ರವೂ

ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರನಾದ ಭಾಸ್ಕರನು ಕ್ರಿ. ಶ. 1369ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವು ಕೆರೆಗಳ ಚರಿತ್ರೆಯನ್ನು ಅಭ್ಯಸಿಸುವವರಿಗೆ ಪರಿಚಿತವಾದುದೇ ಸರಿ. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಧರ್ಮಿಷ್ಠನೂ ಧನವಂತನೂ ಸ್ಥಿರವಾದ ಕೀರ್ತಿಯನ್ನು ಬಯಸುವವನೂ ಆದ ಅರಸನು ಮೊದಲನೆಯ ಅಂಗ. ಪಾಥಃಶಾಸ್ತ್ರವನ್ನು, ಎಂದರೆ ಜಲಶಾಸ್ತ್ರವನ್ನು, ಬಲ್ಲ ಬ್ರಾಹ್ಮಣನು ಎರಡನೆಯ ಅಂಗ. ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಕಲ್ಲಿನ ಏರಿ, ಕುಶಲರಾದ ಕೆಲಸಗಾರರು ಮೊದಲಾದುವೆಲ್ಲ ಅನಂತರ ಬರುವುವು. ದ್ರವ್ಯವುಳ್ಳವನ ಪಕ್ಕದಲ್ಲಿಯೇ ಶಾಸ್ತ್ರವನ್ನು ಬಲ್ಲವನನ್ನು ನಿಲ್ಲಿಸಿರುವುದು ಗಮನಿಸತಕ್ಕ ವಿಷಯ.

ಈಚಿನ ಅರ್ಥಶಾಸ್ತ್ರದಲ್ಲಿ ‘ಸುಸ್ಥಿರ ಹಣಕಾಸು’ ಎಂಬ ಮಾತು ಬಳಕೆಗೆ ಬಂದಿರುವುದು. ತತ್ಕಾಲದ ಲಾಭವನ್ನು ಮಾತ್ರ ಎಣಿಸದೆ, ನೆಲ, ನೀರು, ಜನ ಇವುಗಳ ಮುಂದಿನ ಸ್ಥಿತಿಯನ್ನೂ ಲೆಕ್ಕಕ್ಕೆ ತಂದುಕೊಂಡು ಹಣವನ್ನು ತೊಡಗಿಸುವುದೆಂದು ಅದರ ಅರ್ಥ. ಇಂತಹ ವಿನಿಯೋಗಕ್ಕೆ ಶಾಸ್ತ್ರಜ್ಞಾನವೂ ವಿದ್ಯಾಭ್ಯಾಸವೂ ಹೇಗೆ ಆಧಾರವಾಗುವುವೆಂಬುದಕ್ಕೆ ಬೆಂಗಳೂರಿನ ಪೂರ್ವದಲ್ಲಿರುವ ಮಹದೇವಪುರ ಪ್ರಾಂತದ ಕೆರೆಗಳು ತಕ್ಕ ನಿದರ್ಶನವಾಗಿವೆ.

ಮಹದೇವಪುರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪೆನಿಗಳಿಂದ ಈ ಪ್ರಾಂತಕ್ಕೆ ಸಂಪತ್ತು ಹರಿದು ಬಂದಿತು. ಅದರೊಡನೆ ಮಲಿನಜಲವೂ ಹರಿದು ಬಂದಿತು. ನಗರದ ಮಲಿನಜಲದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಬೆಳ್ಳಂದೂರು ಕೆರೆಯನ್ನು ಸೇರುತ್ತಿತ್ತೆಂದು ಅಂದಾಜು. ಅಲ್ಲಿ ಕೋಡಿ ಹರಿದ ನೀರು ವರ್ತೂರು ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ, ಕಡೆಗೆ ತಮಿಳುನಾಡಿನ ಹೊಸೂರು ಪ್ರಾಂತಕ್ಕೂ ಹೋಗುತ್ತದೆ. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದು ಒಂದು ದೋಷವೆಂದು ಪೊರುಮಾಮಿಳ್ಳದ ಶಾಸನವು ಹೇಳುತ್ತದೆ. ಈಗ ಕೆರೆಯಲ್ಲದಿದ್ದರೂ ಅದರ ಕೊಳೆಯು ಆ ಎಲ್ಲೆಯನ್ನು ದಾಟುತ್ತದೆ.

2015ರಲ್ಲಿ ವರ್ತೂರಿನ ಕೋಡಿಯಲ್ಲಿ ಎದ್ದ ನೊರೆಯು ರಸ್ತೆಯ ಮೇಲೆ ಹರಡಿತು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರಿನಲ್ಲಿ ಬೆಂಕಿಯೆಂಬುದು ಲೋಕಕ್ಕೆ ಅಚ್ಚರಿಯಾದರೂ ಶಾಸ್ತ್ರಕ್ಕೆ ಅದರ ಕಾರಣವು ಅಗೋಚರವಲ್ಲ. ಬಟ್ಟೆ ಪಾತ್ರೆಗಳನ್ನು ತೊಳೆಯುವ ಮಾರ್ಜಕಗಳು ಕೆರೆಯಲ್ಲಿ ಸಂಗ್ರಹವಾಗಿ, ನೀರು ಎತ್ತರದಿಂದ ಧುಮುಕಿದಾಗ ನೊರೆಯಾಗುವುವು. ಸಾರಜನಕವೂ ರಂಜಕವೂ ಹೆಚ್ಚಿದರೆ ಜಲಸಸ್ಯಗಳು ದಟ್ಟವಾಗಿ ಬೆಳೆದು, ಸತ್ತು, ಕೊಳೆತು, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುವುವು. ಒಣಗಿದ ಕಳೆಯೂ ಕಸವೂ ಉರಿಗೆ ಒಡಲಾಗುವುವು. ಸಾಮಾನ್ಯ ಸ್ಥಾವರದಲ್ಲಿ ಎರಡನೆಯ ಹಂತದವರೆಗೆ ಮಾತ್ರ ಶುದ್ಧವಾದ ನೀರಿನಲ್ಲಿ ಸಾರಜನಕ ರಂಜಕಗಳು ಬಹುಮಟ್ಟಿಗೆ ಉಳಿದೇ ಇರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮೊದಲಾದವರು ಈ ಕೆರೆಗಳ ನೀರನ್ನು ಪರೀಕ್ಷಿಸಿ, ಇಂತಹ ವಿಷಯಗಳನ್ನು ವರ್ಷಗಟ್ಟಲೆ ಪ್ರಕಟಿಸುತ್ತ ಬಂದಿರುವರು.

ಈ ಜ್ಞಾನವಿಲ್ಲದೆ ವೆಚ್ಚ ಮಾಡಿದ ಹಣವು ಏನಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಬೇಲಿ, ದೀಪ, ನಡೆದಾಡುವ ದಾರಿ ಇವು ಕಣ್ಣಿಗೆ ಕಾಣುವುವು. ರಾಜಕಾಲುವೆಯಲ್ಲಿ ಬರುವ ರಂಜಕವು ಕಾಣದು. ದಾನಿಯು ತಾನು ಕಂಡುದಕ್ಕೆ ಹಣವನ್ನು ಕೊಡುವನು. ಕಾಣದುದನ್ನು ಅಂಕೆಗಳಲ್ಲಿ ಕಾಣಿಸುವುದೇ ಶಾಸ್ತ್ರಜ್ಞನ ಕೆಲಸ.

ಹಣದ ಮೂಲಗಳು ಈಗ ಇಲ್ಲದೆ ಇಲ್ಲ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಕೆರೆಗಳ ಕಾರ್ಯಕ್ಕಾಗಿ 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕವಾಗಿ ಇಡತಕ್ಕದ್ದೆಂದು ರಾಜ್ಯ ಸರ್ಕಾರಕ್ಕೆ ಆದೇಶಿಸಿ, ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಅಧ್ಯಕ್ಷತೆಯಲ್ಲಿ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸಿತು. 2013ರ ಕಂಪೆನಿ ಶಾಸನದ 135ನೆಯ ವಿಧಿಯಂತೆ ದೊಡ್ಡ ಕಂಪೆನಿಗಳು ಹಿಂದಣ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಲೋಕಹಿತಕ್ಕೆ ವಿನಿಯೋಗಿಸಬೇಕು. ಪರಿಸರರಕ್ಷಣೆಯೂ ಅದರಲ್ಲಿ ಸೇರಿದೆ. ಈ ಬಾಬಿನಲ್ಲಿ ಸರಾಸರಿ 10 ಕೋಟಿ ರೂಪಾಯಿಗಳಿಗೆ ಕಡಮೆಯಿಲ್ಲದೆ ಕೊಡಬೇಕಾದ ಕಂಪೆನಿಗಳು, ಒಂದು ಕೋಟಿಯನ್ನು ಮುಟ್ಟಿದ ಅಥವಾ ಮೀರಿದ ಕಾರ್ಯಗಳ ಫಲವನ್ನು ಸ್ವತಂತ್ರ ಪರೀಕ್ಷಕರಿಂದ ಅಳೆಯಿಸಬೇಕೆಂದು 2021ರಲ್ಲಿ ನಿಯಮವಾಯಿತು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಕಟ್ಟಳೆಯಂತೆ ಮೊದಲ ಸಾವಿರ ಕಂಪೆನಿಗಳು 2022–23ರಿಂದ ತಾವು ಬಳಸುವ ನೀರಿನ ಲೆಕ್ಕವನ್ನೂ ಪ್ರಕಟಿಸಬೇಕಾಯಿತು. ಕಟ್ಟಳೆಯೇನೋ ಅಳೆಯಿರೆನ್ನುವುದು, ಅಳೆಯಬಲ್ಲವರನ್ನು ಸಿದ್ಧಪಡಿಸುವುದು ವಿದ್ಯಾಲಯಗಳ ಹೊಣೆ.

ಇಲ್ಲಿಯೇ ಒಂದು ಕೊರತೆಯುಂಟು. ಕಂಪೆನಿಗಳ ಇಂತಹ ಕಾರ್ಯವು ಆರಂಭದ ವರ್ಷವನ್ನುಳಿದು ಮೂರು ವರ್ಷಗಳನ್ನು ಮೀರಿ ನಡೆಯುವಂತಿಲ್ಲ. ಕೆರೆಗೆ ಹೂಳು ತುಂಬುವುದು ಮಾತ್ರ ವರ್ಷವರ್ಷವೂ ತಪ್ಪದು. ಹಿಂದಿನವರು ಇದನ್ನು ಅರಿತಿದ್ದರು. ಕನ್ನಡ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಬಿಟ್ಟ ಭೂಮಿಯನ್ನು ಸೂಚಿಸುವುವು. ಅದು ಒಮ್ಮೆ ಕೊಟ್ಟು ಮುಗಿಯುವ ಹಣವಲ್ಲ. ಬೆಳೆ ಬೆಳೆದಂತೆ ಹುಟ್ಟುವ ಆದಾಯ. ಕೆರೆ ಕೆಟ್ಟರೆ ಆ ಭೂಮಿಯೂ ಬಂಜೆಯಾಗುತ್ತಿದ್ದಿತಾದುದರಿಂದ ಪಾಲಕನ ಹಿತವೂ ಕೆರೆಯ ಹಿತವೂ ಒಂದಾಗಿದ್ದುವು.

ಈ ಎರಡು ಗುಣಗಳಿಗೂ ಸಮೀಪವಾದುದು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಕಥೆ. ಸುಮಾರು 48 ಎಕರೆಗಳ ಈ ಕೆರೆಯು ಕಸ ಕೊಳಚೆಗಳಿಂದ ಹಾಳಾಗಿದ್ದಿತು. 2009ರಿಂದ 2011ರ ವರೆಗೆ ಪಾಲಿಕೆಯು ಅದನ್ನು ಜೀರ್ಣೋದ್ಧಾರ ಮಾಡಿಸಿದಾಗ, ನೆರೆಹೊರೆಯ ನಿವಾಸಿಗಳೂ ಪರಿಸರವಿಜ್ಞಾನಿಯಾದ ಹರಿಣಿ ನಾಗೇಂದ್ರ ಅವರೂ ಎಂಜಿನಿಯರುಗಳೊಡನೆ ಕುಳಿತು ಯೋಜನೆಯನ್ನು ಚರ್ಚಿಸಿದರು. ಅನಂತರ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿಯು ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಅದರ ಪಾಲನೆಗೆ ನಿಂತಿತು. ದಡದಲ್ಲಿ ಸರ್ಕಾರಿ ಶಾಲೆಯೊಂದಿದೆ. ಅಲ್ಲಿಯ ಮಕ್ಕಳಿಗೆ ಕೆರೆಯೇ ಪಾಠದ ಹೊತ್ತಗೆಯಾಗಬಲ್ಲುದು.

ಆದುದರಿಂದ ಸುಸ್ಥಿರ ಹಣಕಾಸೆಂಬುದು ಹಣದ ಮೊತ್ತದಿಂದ ಸಾಧಿಸತಕ್ಕುದಲ್ಲ. ವೆಚ್ಚಕ್ಕೆ ಮೊದಲು ರೋಗದ ಮೂಲವನ್ನು ತಿಳಿಯುವುದು, ವೆಚ್ಚವಾದ ಮೇಲೆ ಫಲವನ್ನು ಅಳೆಯುವುದು, ಅಳತೆಯನ್ನು ಊರಿನವರು ಓದಿ ತಿಳಿಯಬಲ್ಲವರಾಗುವುದು, ಈ ಮೂರೂ ಕೂಡಿದಾಗಲೇ ಕೆರೆಗೆ ಕೊಟ್ಟ ಕಾಸು ಕೆರೆಗೆ ಸಲ್ಲುವುದು. ಶಾಸನಕಾರನು ಅರಸನ ಪಕ್ಕದಲ್ಲಿ ಜಲಶಾಸ್ತ್ರಜ್ಞನನ್ನು ನಿಲ್ಲಿಸಿದುದರ ಅರ್ಥವು ಇದೇ ಆಗಿದೆ. ಆ ಎರಡನೆಯ ಅಂಗವಿಲ್ಲದೆ ಮೊದಲನೆಯದು ಎಷ್ಟು ಪುಷ್ಟವಾಗಿದ್ದರೂ ಕೆರೆ ತುಂಬುವುದು ನೊರೆಯಿಂದ, ನೀರಿನಿಂದಲ್ಲ.